ಎಂಟರ್ ಒತ್ತುವ ಮೊದಲು ಆ ಸಾಲನ್ನು ಓದಿ: ಯುನಿಕ್ಸ್ ಪ್ರಾಂಪ್ಟ್, ಯೂಸರ್ ಅಕೌಂಟ್ ಮತ್ತು ರೂಟ್

ಟರ್ಮಿನಲ್ ತೆರೆದ ಕೂಡಲೇ ಒಂದು ಪುಟ್ಟ ಸಾಲು ಬಂದು ಕೂರುತ್ತದೆ, ಅದರ ತುದಿಯಲ್ಲಿ ಕರ್ಸರ್ ಮಿಣುಕುತ್ತಿರುತ್ತದೆ. ಅದೇ ಪ್ರಾಂಪ್ಟ್. ಹೊಸಬರು ಅದನ್ನು ಓದುವುದೇ ಇಲ್ಲ. ಎಲ್ಲೋ ಸಿಕ್ಕ ಕಮಾಂಡನ್ನು ಕಾಪಿ ಮಾಡಿ, ಇಲ್ಲಿ ಪೇಸ್ಟ್ ಮಾಡಿ, ಎಂಟರ್ ಒತ್ತಿ, ಆಮೇಲೆ ಬಂದ ಎರರ್ ನೋಡಿ ತಲೆ ಕೆರೆದುಕೊಳ್ಳುತ್ತಾರೆ. ಹಳಬರೂ ಓದುವುದಿಲ್ಲ, ಅವರಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ, ಅವರ ಎಡವಟ್ಟು ಇನ್ನೂ ದುಬಾರಿ. ನೀವು ಯಾರಾಗಿ ಕೂತಿದ್ದೀರಿ, ಯಾವ ಮಷೀನಿನಲ್ಲಿದ್ದೀರಿ, ಯಾವ ಫೋಲ್ಡರಿನಲ್ಲಿದ್ದೀರಿ, ಕೈಯಲ್ಲಿ ಎಷ್ಟು ಅಧಿಕಾರ ಇದೆ, ಈ ನಾಲ್ಕೂ ಆ ಒಂದು ಸಾಲಿನಲ್ಲೇ ಇರುತ್ತದೆ. ಅದನ್ನು ಓದಲು ಕಲಿತರೆ ಯೂಸರ್ ಅಕೌಂಟ್, ರೂಟ್ (ಎಲ್ಲ ಅಧಿಕಾರ ಇರುವ ಅಕೌಂಟ್), ಸುಡೊ (ಆ ಅಧಿಕಾರದಲ್ಲಿ ಕಮಾಂಡ್ ಓಡಿಸುವ ದಾರಿ) ಇವೆಲ್ಲ ಅರ್ಧ ಅರ್ಥವಾದ ಹಾಗೆಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಮಾಂಡುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವನ್ನೂ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ, ಯಾಕೆಂದರೆ ಯುನಿಕ್ಸಿಗೆ ಸಣ್ಣಕ್ಷರ ಬೇರೆ, ದೊಡ್ಡಕ್ಷರ ಬೇರೆ. ಲಿನಕ್ಸ್, ಮ್ಯಾಕ್, ವಿಂಡೋಸ್ ಒಳಗೆ ಓಡುವ ಉಬುಂಟು, ಎಲ್ಲ ಕಡೆಯೂ ಈ ವಿಷಯ ಹೆಚ್ಚುಕಡಿಮೆ ಒಂದೇ. ನಾನು ಉಬುಂಟು ಮತ್ತು ಡೆಬಿಯನ್ ಅನ್ನುವ ಎರಡು ಲಿನಕ್ಸುಗಳನ್ನು ಇಟ್ಟುಕೊಂಡು ಹೇಳುತ್ತೇನೆ, ಬೇರೆಯಾಗುವಲ್ಲಿ ತಿಳಿಸುತ್ತೇನೆ.

ಸಾಲನ್ನು ಬಿಡಿಸಿ ಓದುವುದು

ಉಬುಂಟುವಿನಲ್ಲಿ ಪ್ರಾಂಪ್ಟ್ ಹೀಗಿರುತ್ತದೆ:

ಸವಿತಾ@ತುಂಗಾ:~$

@ ಗುರುತಿನ ಎಡಕ್ಕಿರುವುದು ಯೂಸರ್ ಹೆಸರು. ಬಲಕ್ಕಿರುವುದು ಮಷೀನಿನ ಹೆಸರು. ಕೋಲನ್ ಆದ ಮೇಲೆ ನೀವು ಈಗ ನಿಂತಿರುವ ಫೋಲ್ಡರ್. ಆ ಅಲೆಯಂಥ ಗುರುತು, ಟಿಲ್ಡೆ, ನಿಮ್ಮ ಹೋಮ್ ಫೋಲ್ಡರಿನ ಅಡ್ಡಹೆಸರು. ಸವಿತಾಗೆ ಅದು /ಹೋಮ್/ಸವಿತಾ. ಬೇರೆ ಯೂಸರ್ ಆಗಿ ಲಾಗಿನ್ ಆದರೆ ಅದೇ ಗುರುತಿನ ಅರ್ಥ ಬದಲಾಗುತ್ತದೆ, ರೂಟ್ ಆದರೆ ಅದು /ರೂಟ್ ಆಗುತ್ತದೆ. ನಾನು ಹೋಮಿನಲ್ಲಿಟ್ಟ ಫೈಲು ಎಲ್ಲಿ ಹೋಯಿತು ಅಂತ ಹುಡುಕುವವರಲ್ಲಿ ಎಷ್ಟೋ ಜನ ನಡುವೆ ರೂಟ್ ಆಗಿ ಕೂತಿದ್ದನ್ನು ಮರೆತಿರುತ್ತಾರೆ. ಫೈಲು ಎಲ್ಲೂ ಹೋಗಿರುವುದಿಲ್ಲ, ಹೋಮ್ ಬೇರೆ ಆಗಿರುತ್ತದೆ ಅಷ್ಟೆ.

ಫೆಡೋರಾ, ರೆಡ್ ಹ್ಯಾಟ್ ಕಡೆಯವರದ್ದು [ಸವಿತಾ@ತುಂಗಾ ~]$ ಅಂತ ಚೌಕ ಕಂಸದೊಳಗೆ ಇರುತ್ತದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾದಿಂದ ಈಚೆಗೆ ಹೊಸ ಅಕೌಂಟುಗಳಿಗೆ ಬ್ಯಾಶ್ ಬದಲು ಜ಼ಡ್‌ಶೆಲ್ ಕೊಡುತ್ತಿದ್ದಾರೆ, ಅದರಲ್ಲಿ ಕೊನೆಗೆ $ ಬದಲು % ಬರುತ್ತದೆ. ಇವೆರಡೂ ಶೆಲ್‌ಗಳು, ಅಂದರೆ ನೀವು ಟೈಪ್ ಮಾಡಿದ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಂಗಳು.

ಈಗ ಆ ಕೊನೆಯ ಗುರುತು. ಇಡೀ ಸಾಲಿನಲ್ಲಿ ಬಹಳ ಮುಖ್ಯವಾದದ್ದು ಇದೇ. $ ಅಥವಾ % ಇದ್ದರೆ ನೀವು ಸಾಮಾನ್ಯ ಯೂಸರ್. # ಇದ್ದರೆ ನೀವು ರೂಟ್, ಅಂದರೆ ಆ ಮಷೀನಿನಲ್ಲಿ ನಿಮ್ಮನ್ನು ತಡೆಯುವವರು ಯಾರೂ ಇಲ್ಲ. # ಕಂಡಾಗ ಕೈ ಸ್ವಲ್ಪ ನಿಧಾನವಾಗಬೇಕು.

ಕಮಾಂಡ್ ಹೇಳಿಕೊಡುವ ಎಷ್ಟೋ ಪುಟಗಳಲ್ಲೂ ಇದೇ ರೂಢಿ. ಸಾಲಿನ ಮೊದಲಿಗೆ $ ಇದ್ದರೆ ಸಾಮಾನ್ಯ ಯೂಸರ್ ಆಗಿ ಮಾಡಿ ಅಂತ, # ಇದ್ದರೆ ರೂಟ್ ಆಗಿ ಮಾಡಿ ಅಂತ. ಆ ಗುರುತನ್ನು ನೀವು ಟೈಪ್ ಮಾಡಬಾರದು. ಹೊಸಬರು ಅದನ್ನೂ ಸೇರಿಸಿ ಪೇಸ್ಟ್ ಮಾಡುತ್ತಾರೆ. $ ಸೇರಿಸಿದರೆ ಬ್ಯಾಶ್ ‘$: ಕಮಾಂಡ್ ನಾಟ್ ಫೌಂಡ್’ ಅನ್ನುತ್ತದೆ, ಪರವಾಗಿಲ್ಲ, ತಪ್ಪು ಗೊತ್ತಾಗುತ್ತದೆ. # ಸೇರಿಸಿದರೆ ಮಜಾ ಬೇರೆ. ಬ್ಯಾಶ್‌ಗೆ # ಆದ ಮೇಲಿನದ್ದೆಲ್ಲ ಬರೀ ಟಿಪ್ಪಣಿ, ಅದು ಏನೂ ಮಾಡದೆ, ಎರರ್ ಕೂಡ ಕೊಡದೆ ಮುಂದಿನ ಪ್ರಾಂಪ್ಟ್ ತೋರಿಸುತ್ತದೆ. ‘ಅಪ್‌ಡೇಟ್ ಆಯ್ತು, ಏನೂ ತೊಂದರೆ ಬರಲಿಲ್ಲ’ ಅಂತ ಖುಷಿಯಾಗಿ ಎದ್ದು ಹೋದವರಿಗೆ ಅಪ್‌ಡೇಟ್ ಆಗಿಯೇ ಇರುವುದಿಲ್ಲ.

ಪ್ರಾಂಪ್ಟ್ ನೋಡಲು ಬೇರೆಯೇ ಆಗಿದ್ದರೆ

ಕೆಲವೊಮ್ಮೆ ಎಂಟರ್ ಒತ್ತಿದ ಮೇಲೆ ಮಾಮೂಲಿ ಸಾಲು ಬರದೆ ಸುಮ್ನೆ > ಅಂತ ಬಂದು ನಿಲ್ಲುತ್ತದೆ. ಇದು ಎರಡನೇ ಪ್ರಾಂಪ್ಟ್. ‘ನಿಮ್ಮ ಮಾತು ಇನ್ನೂ ಮುಗಿದಿಲ್ಲ’ ಅಂತ ಶೆಲ್ ಕಾಯುತ್ತಿದೆ. ನೂರಕ್ಕೆ ತೊಂಬತ್ತು ಸಲ ಕಾರಣ ಒಂದೇ, ಎಲ್ಲೋ ಒಂದು ಉದ್ಧರಣ ಚಿಹ್ನೆ ತೆರೆದು ಮುಚ್ಚಿಲ್ಲ. ಫೈಲಿನ ಹೆಸರಿನಲ್ಲಿ ಒಂಟಿ ಅಪಾಸ್ಟ್ರಫಿ ಇದ್ದರೂ ಹೀಗೇ ಆಗುತ್ತದೆ. ಗಾಬರಿಯಾಗಿ ಏನೇನೋ ಟೈಪ್ ಮಾಡಬೇಡಿ, ಕಂಟ್ರೋಲ್ ಮತ್ತು ಸಿ ಒತ್ತಿ, ವಾಪಸ್ ಬರುತ್ತೀರಿ.

ಏನೂ ಬರದೆ ಖಾಲಿ ಸಾಲಿನಲ್ಲಿ ಕರ್ಸರ್ ನಿಂತಿದ್ದರೆ, ನೀವು ಶುರು ಮಾಡಿದ ಪ್ರೋಗ್ರಾಂ ಇನ್ನೂ ಓಡುತ್ತಿದೆ, ಅಥವಾ ನಿಮ್ಮ ಕೀಬೋರ್ಡಿನಿಂದ ಏನೋ ಬರಲಿ ಅಂತ ಕಾಯುತ್ತಿದೆ. ‘ಕ್ಯಾಟ್’ ಅಂತ ಮಾತ್ರ ಕೊಟ್ಟು ಫೈಲಿನ ಹೆಸರು ಮರೆತರೆ ಹೀಗಾಗುತ್ತದೆ. ಅಲ್ಲೂ ಕಂಟ್ರೋಲ್ ಸಿ. ಕಂಟ್ರೋಲ್ ಡಿ ಒತ್ತಿದರೂ ಆಗುತ್ತದೆ, ಅದು ‘ನನ್ನ ಕಡೆಯಿಂದ ಇಷ್ಟೇ’ ಅಂತ ಹೇಳಿದ ಹಾಗೆ. ಆದರೆ ಖಾಲಿ ಪ್ರಾಂಪ್ಟಿನಲ್ಲಿ ಕಂಟ್ರೋಲ್ ಡಿ ಒತ್ತಿದರೆ ಶೆಲ್ಲೇ ಮುಚ್ಚಿಕೊಳ್ಳುತ್ತದೆ. ಟೈಪ್ ಮಾಡಿದ್ದೇ ಕಾಣಿಸದೆ ಟರ್ಮಿನಲ್ ಕಲ್ಲಿನ ಹಾಗೆ ಕೂತರೆ, ಸೇವ್ ಮಾಡುವ ಅಭ್ಯಾಸದಲ್ಲಿ ಕಂಟ್ರೋಲ್ ಎಸ್ ಒತ್ತಿರುತ್ತೀರಿ. ಅದು ಪರದೆಯನ್ನು ತಡೆಹಿಡಿಯುವ ಕೀ. ಕಂಟ್ರೋಲ್ ಕ್ಯೂ ಒತ್ತಿ ಬಿಡಿಸಿ.

ಮೂರು ಬಾಣ >>> ಕಂಡರೆ ನೀವು ಪೈಥಾನ್ ಒಳಗಿದ್ದೀರಿ. ಮೈಎಸ್‌ಕ್ಯೂಎಲ್, ಎಸ್‌ಎಫ್‌ಟಿಪಿ ತಮ್ಮ ಹೆಸರನ್ನೇ ತೋರಿಸುತ್ತವೆ. ಪೋಸ್ಟ್‌ಗ್ರೆಸ್‌ನವರು ಇನ್ನೂ ಶಿಸ್ತಿನವರು. ಡೇಟಾಬೇಸಿನ ಹೆಸರಾದ ಮೇಲೆ => ಬಂದರೆ ಸಾಮಾನ್ಯ ಯೂಸರ್, =# ಬಂದರೆ ಡೇಟಾಬೇಸಿನ ಸೂಪರ್‌ಯೂಸರ್. ಶೆಲ್ಲಿನ ಸಂಪ್ರದಾಯವನ್ನೇ ಅಲ್ಲೂ ಉಳಿಸಿಕೊಂಡಿದ್ದಾರೆ. ಶೆಲ್ ಕಮಾಂಡನ್ನು ಪೈಥಾನ್ ಪ್ರಾಂಪ್ಟಿನಲ್ಲಿ ಕೊಟ್ಟು ‘ಸಿಂಟ್ಯಾಕ್ಸ್ ಎರರ್’ ಬಂತು ಅಂತ ಕೇಳುವವರಿಗೆ ಉತ್ತರ ಪರದೆಯ ಎಡ ಅಂಚಿನಲ್ಲೇ ಇರುತ್ತದೆ.

‘ಬ್ಯಾಶ್-5.1$’ ಅಂತ ಬೋಳು ಪ್ರಾಂಪ್ಟ್ ಬಂದರೆ ನಿಮ್ಮ ಸೆಟ್ಟಿಂಗ್ ಫೈಲನ್ನು ಶೆಲ್ ಓದಿಲ್ಲ ಅಂತ ಅರ್ಥ, ಯೂಸರ್ ಹೆಸರು ಮಷೀನ್ ಹೆಸರು ಏನೂ ಇರುವುದಿಲ್ಲ. ಹೋಮ್ ಫೋಲ್ಡರಿನಲ್ಲಿ .ಬ್ಯಾಶ್‌ಆರ್‌ಸಿ ಫೈಲು ಇದೆಯಾ ನೋಡಿ. ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳೊಳಗೆ ಓಡಿಸುವ ಸಾಧನ) ಬಳಸುವವರು ಇನ್ನೊಂದು ವಿಚಿತ್ರ ನೋಡಿರುತ್ತೀರಿ. ಯೂಸರ್ ಹೆಸರು ಇರಬೇಕಾದ ಜಾಗದಲ್ಲಿ ‘ಐ ಹ್ಯಾವ್ ನೋ ನೇಮ್!’ ಅಂತ ಇರುತ್ತದೆ. ಪಾಪ, ಶೆಲ್ಲಿಗೆ ನಿಮ್ಮ ನಂಬರ್ ಗೊತ್ತು, ಹೆಸರು ಗೊತ್ತಿಲ್ಲ. ಯಾಕೆ ಅಂತ ಅಕೌಂಟಿನ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಮಷೀನಿನ ಹೆಸರನ್ನು ಯಾಕೆ ಓದಬೇಕು

ನಿಮ್ಮದು ಒಂದೇ ಲ್ಯಾಪ್‌ಟಾಪ್ ಆದರೆ ಮಷೀನಿನ ಹೆಸರು ದೊಡ್ಡ ವಿಷಯವಲ್ಲ. ಎಸ್‌ಎಸ್‌ಎಚ್ (ದೂರದ ಮಷೀನಿಗೆ ಇಲ್ಲಿಂದಲೇ ಲಾಗಿನ್ ಆಗುವ ಕಮಾಂಡ್) ಮಾಡಿಕೊಂಡು ಬೇರೆ ಸರ್ವರಿಗೆ ಹೋಗಲು ಶುರು ಮಾಡಿದ ದಿನದಿಂದ ಅದೇ ಎಲ್ಲಕ್ಕಿಂತ ದೊಡ್ಡ ವಿಷಯ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ನಡೆದದ್ದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುವ ಕಥೆ. ಅವರ ಹತ್ತಿರ ಎರಡು ಡೇಟಾಬೇಸ್ ಸರ್ವರ್ ಇದ್ದವು, ಒಂದು ಮುಖ್ಯವಾದದ್ದು, ಇನ್ನೊಂದು ಅದರ ನಕಲು. ನಕಲು ಹಿಂದೆ ಬಿದ್ದು ಕೆಟ್ಟು ನಿಂತಿತ್ತು. ಅದರ ಡೇಟಾ ಫೋಲ್ಡರ್ ಅಳಿಸಿ ಹೊಸದಾಗಿ ಶುರು ಮಾಡೋಣ ಅಂತ ಒಬ್ಬ ಇಂಜಿನಿಯರ್ ಅಳಿಸುವ ಕಮಾಂಡ್ ಕೊಟ್ಟರು. ಕೊಟ್ಟದ್ದು ಮುಖ್ಯ ಸರ್ವರಿನಲ್ಲಿ. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ವ್ಯವಸ್ಥೆಗಳನ್ನು ನೋಡಿದರೆ ಒಂದೊಂದೂ ಒಂದೊಂದು ಕಾರಣಕ್ಕೆ ಕೈಕೊಟ್ಟಿದ್ದವು. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು. ಆ ಕಂಪನಿಯವರು ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಬರೆದು ಹಾಕಿದರು, ಡೇಟಾ ವಾಪಸ್ ತರುವುದನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಕೂಡ ಮಾಡಿದರು. ಮುಂದೆ ಸರಿಪಡಿಸಬೇಕಾದ ಕೆಲಸಗಳ ಪಟ್ಟಿಯಲ್ಲಿ ಒಂದು ಏನಿತ್ತು ಗೊತ್ತಾ? ಎಲ್ಲ ಮಷೀನುಗಳ ಪ್ರಾಂಪ್ಟ್ ಬದಲಾಯಿಸಬೇಕು, ಯಾವ ಸರ್ವರ್ ಅಂತ ನೋಡಿದ ತಕ್ಷಣ ಗೊತ್ತಾಗಬೇಕು.

ಅದನ್ನು ನೀವು ಈಗಲೇ ಮಾಡಿಕೊಳ್ಳಬಹುದು. ಪ್ರಾಂಪ್ಟ್ ಹೇಗೆ ಕಾಣಬೇಕು ಅನ್ನುವುದು ‘ಪಿಎಸ್1’ ಅನ್ನುವ ವೇರಿಯಬಲ್‌ನಲ್ಲಿ ಇರುತ್ತದೆ, ಇಲ್ಲಿ ಪಿ ಮತ್ತು ಎಸ್ ಎರಡೂ ದೊಡ್ಡಕ್ಷರ. ಬ್ಯಾಶ್‌ನಲ್ಲಿ ಇದನ್ನು ಕೊಟ್ಟು ನೋಡಿ:

ಪಿಎಸ್1='\ಯು@\ಎಚ್:\ಡಬ್ಲ್ಯು\$ '

\ಯು ಇದ್ದಲ್ಲಿ ಯೂಸರ್ ಹೆಸರು ಬರುತ್ತದೆ, \ಎಚ್ ಇದ್ದಲ್ಲಿ ಮಷೀನಿನ ಹೆಸರು, \ಡಬ್ಲ್ಯು ಇದ್ದಲ್ಲಿ ಫೋಲ್ಡರ್. ಕೊನೆಯ \$ ಜಾಣ. ಸಾಮಾನ್ಯ ಯೂಸರ್ ಆದರೆ $ ತೋರಿಸುತ್ತದೆ, ರೂಟ್ ಆದರೆ ತಾನೇ # ಆಗುತ್ತದೆ. ಹಿಂದೆ ಬ್ಯಾಕ್‌ಸ್ಲ್ಯಾಶ್ ಇಲ್ಲದೆ ಬರೀ $ ಬರೆದರೆ ರೂಟ್ ಆದಾಗಲೂ $ ಅಂತಲೇ ತೋರಿಸಿ ನಿಮ್ಮನ್ನು ಯಾಮಾರಿಸುತ್ತದೆ, ಹಾಗಾಗಿ ಅದನ್ನು ಮರೆಯಬೇಡಿ.

ಈಗ ಬಣ್ಣ. ಮುಖ್ಯ ಸರ್ವರಿನಲ್ಲಿ ಮಷೀನಿನ ಹೆಸರಿನ ಹಿಂದೆ ಕೆಂಪು ಹಿನ್ನೆಲೆ ಬರಬೇಕಾದರೆ:

ಪಿಎಸ್1='\ಯು@\[\ಇ[41ಎಂ\]\ಎಚ್\[\ಇ[0ಎಂ\]:\ಡಬ್ಲ್ಯು\$ '

41 ಕೆಂಪು ಹಿನ್ನೆಲೆ, 42 ಹಸಿರು, 0 ಅಂದರೆ ಮಾಮೂಲಿ ಬಣ್ಣಕ್ಕೆ ವಾಪಸ್. ಸುತ್ತ ಇರುವ \[ ಮತ್ತು \] ಗಳನ್ನು ಬೇಡದ ಅಲಂಕಾರ ಅಂದುಕೊಂಡು ತೆಗೆಯಬೇಡಿ. ‘ಇವುಗಳ ನಡುವೆ ಇರುವುದು ಪರದೆಯಲ್ಲಿ ಜಾಗ ತಿನ್ನುವುದಿಲ್ಲ’ ಅಂತ ಬ್ಯಾಶ್‌ಗೆ ಹೇಳುವುದು ಅವೇ. ಅವಿಲ್ಲದಿದ್ದರೆ ಉದ್ದದ ಕಮಾಂಡ್ ಟೈಪ್ ಮಾಡುವಾಗ ಸಾಲು ತನ್ನ ಮೇಲೇ ಬಂದು ಬೀಳುತ್ತದೆ. ಸರಿ ಕಂಡಿತು ಅನ್ನಿಸಿದ ಮೇಲೆ ಈ ಸಾಲನ್ನು ಆ ಮಷೀನಿನ .ಬ್ಯಾಶ್‌ಆರ್‌ಸಿ ಫೈಲಿನ ಕೊನೆಯಲ್ಲಿ ಹಾಕಿ. ರೂಟ್‌ಗೆ ಅದರದ್ದೇ .ಬ್ಯಾಶ್‌ಆರ್‌ಸಿ ಇರುತ್ತದೆ, /ರೂಟ್ ಫೋಲ್ಡರಿನಲ್ಲಿ, ಅಲ್ಲೂ ಬೇರೆಯಾಗಿ ಹಾಕಬೇಕು. ಗಿಟ್ ಬ್ರಾಂಚು, ಗಡಿಯಾರ, ಬ್ಯಾಟರಿ, ಹವಾಮಾನ ಎಲ್ಲ ತುಂಬಿ ಪ್ರಾಂಪ್ಟನ್ನು ಜಾತ್ರೆ ಮಾಡುವವರಿದ್ದಾರೆ. ಅವರವರ ಇಷ್ಟ, ಆದರೆ ಆ ಗದ್ದಲದಲ್ಲಿ ಮಷೀನಿನ ಹೆಸರು ಕಣ್ಣಿಗೆ ಬೀಳದಿದ್ದರೆ ಪ್ರಯೋಜನ ಇಲ್ಲ.

ಮಷೀನುಗಳಿಗೆ ಹೆಸರಿಡುವಾಗಲೂ ಸ್ವಲ್ಪ ಯೋಚನೆ ಮಾಡಿ. ತುಂಗಾ, ಭದ್ರಾ ಅಂತ ನದಿಗಳ ಹೆಸರಿಡುವುದು ಚೆನ್ನಾಗಿದೆ, ಆದರೆ ಯಾವುದು ಅಸಲಿ ಯಾವುದು ಪರೀಕ್ಷೆಗೆ ಇಟ್ಟದ್ದು ಅಂತ ಆರು ತಿಂಗಳ ಮೇಲೆ ನಿಮಗೇ ನೆನಪಿರುವುದಿಲ್ಲ. ಸರ್ವರ್1, ಸರ್ವರ್2 ಅಂತೂ ಇನ್ನೂ ಕೆಟ್ಟದ್ದು. ಒಂದೇ ಅಂಕಿ ವ್ಯತ್ಯಾಸ ಇರುವ ಹೆಸರನ್ನು ನಡುರಾತ್ರಿಯಲ್ಲಿ ಯಾರೂ ಸರಿಯಾಗಿ ಓದುವುದಿಲ್ಲ.

ಹೆಸರು ನಿಮಗೆ, ನಂಬರ್ ಕರ್ನಲ್‌ಗೆ

ಈಗ ಅಕೌಂಟಿನ ವಿಷಯ. ನಾನು ಯಾರು ಅಂತ ಮಷೀನಿಗೇ ಕೇಳಬಹುದು. ‘ಹೂಆಮ್‌ಐ’, ಮೂರು ಪದ ಸೇರಿಸಿ ಜಾಗ ಬಿಡದೆ. ಅದು ಹೆಸರು ಮಾತ್ರ ಹೇಳುತ್ತದೆ. ಅದಕ್ಕಿಂತ ಉಪಯೋಗಕ್ಕೆ ಬರುವುದು ‘ಐಡಿ’. ಅದು ನಿಮ್ಮ ಯೂಸರ್ ನಂಬರ್, ಗ್ರೂಪ್ ನಂಬರ್, ನೀವಿರುವ ಎಲ್ಲ ಗ್ರೂಪುಗಳನ್ನು ತೋರಿಸುತ್ತದೆ.

ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ, ಸವಿತಾ ಅನ್ನುವ ಹೆಸರು ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಯೂಐಡಿ ಅನ್ನುವ ಒಂದು ನಂಬರ್. ಫೈಲು ಯಾರದ್ದು ಅಂತ ಡಿಸ್ಕಿನ ಮೇಲೆ ಬರೆದಿಟ್ಟಿರುವುದೂ ಆ ನಂಬರನ್ನೇ. ನಂಬರ್ 0 ಇದ್ದವರು ರೂಟ್. ರೂಟ್ ಅನ್ನುವ ಹೆಸರಿಗೆ ಶಕ್ತಿ ಇಲ್ಲ, ಸೊನ್ನೆಗೆ ಶಕ್ತಿ. ಇನ್ಯಾವುದೋ ಹೆಸರಿನ ಅಕೌಂಟಿಗೆ ಸೊನ್ನೆ ಕೊಟ್ಟರೆ ಅದೂ ರೂಟೇ, ಅದಕ್ಕೇ ಹ್ಯಾಕ್ ಆದ ಸರ್ವರಿನಲ್ಲಿ ಮೊದಲು ನೋಡುವ ಜಾಗಗಳಲ್ಲಿ ಇದೂ ಒಂದು. ಇವತ್ತಿನ ಹೆಚ್ಚಿನ ಲಿನಕ್ಸುಗಳಲ್ಲಿ ಜನರ ಅಕೌಂಟು 1000ದಿಂದ ಶುರುವಾಗುತ್ತವೆ, ಮ್ಯಾಕ್‌ನಲ್ಲಿ 501ರಿಂದ. ಅದಕ್ಕಿಂತ ಕೆಳಗಿನ ನಂಬರುಗಳು ಮಷೀನಿನ ಒಳಕೆಲಸದವು.

ಹೆಸರಿಗೂ ನಂಬರಿಗೂ ಕೊಂಡಿ ಇರುವುದು ‘/ಇಟಿಸಿ/ಪಾಸ್‌ಡಬ್ಲ್ಯುಡಿ’ ಅನ್ನುವ ಫೈಲಿನಲ್ಲಿ. ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ಒಬ್ಬರಿಗೆ ಒಂದು ಸಾಲು:

ಸವಿತಾ:ಎಕ್ಸ್:1000:1000:ಸವಿತಾ,,,:/ಹೋಮ್/ಸವಿತಾ:/ಬಿನ್/ಬ್ಯಾಶ್

ಕೋಲನ್ ಹಾಕಿ ಬೇರೆ ಮಾಡಿದ ಏಳು ಭಾಗ. ಹೆಸರು, ಪಾಸ್‌ವರ್ಡ್ ಇದ್ದ ಜಾಗ, ಯೂಸರ್ ನಂಬರ್, ಗ್ರೂಪ್ ನಂಬರ್, ಪೂರ್ತಿ ಹೆಸರು, ಹೋಮ್ ಫೋಲ್ಡರ್, ಲಾಗಿನ್ ಆದಾಗ ಶುರುವಾಗುವ ಶೆಲ್. ಡಾಕರ್ ಒಳಗೆ ‘ನನಗೆ ಹೆಸರಿಲ್ಲ’ ಅಂದದ್ದು ಇದಕ್ಕೇ. ನಂಬರ್ ಕೊಟ್ಟು ಓಡಿಸಿದ್ದಾರೆ, ಆ ನಂಬರಿಗೆ ಈ ಫೈಲಿನಲ್ಲಿ ಸಾಲೇ ಇಲ್ಲ. ಮ್ಯಾಕ್‌ನಲ್ಲಿ ಮಾತ್ರ ಈ ಫೈಲನ್ನು ನಂಬಬೇಡಿ, ಅಲ್ಲಿ ಜನರ ಅಕೌಂಟುಗಳು ಬೇರೆ ಕಡೆ ಇರುತ್ತವೆ.

ಎರಡನೇ ಭಾಗದಲ್ಲಿ ಬರೀ ಎಕ್ಸ್ ಅಕ್ಷರ ಯಾಕಿದೆ? ಹಿಂದೆ ಅಲ್ಲೇ ಪಾಸ್‌ವರ್ಡಿನ ಹ್ಯಾಶ್, ಅಂದರೆ ಗುರುತು ಸಿಗದ ಹಾಗೆ ಕಲಸಿಟ್ಟ ರೂಪ, ಇರುತ್ತಿತ್ತು, ಎಲ್ಲರೂ ಓದಬಹುದಾದ ಫೈಲಿನಲ್ಲಿ. ಆಗಿನ ಕಂಪ್ಯೂಟರುಗಳಿಗೆ ಅದನ್ನು ಒಡೆಯುವುದು ಕಷ್ಟದ ಕೆಲಸವಾಗಿತ್ತು, ಹಾಗಾಗಿ ನಡೆದುಹೋಯಿತು. ಹಳೆಯ ಬಿಎಸ್‌ಡಿ ಯುನಿಕ್ಸಿನ ಅಂಥದ್ದೊಂದು ಫೈಲು ಇಂಟರ್ನೆಟ್ಟಿನಲ್ಲಿ ಉಳಿದಿತ್ತು, ಯುನಿಕ್ಸ್ ಕಟ್ಟಿದವರದ್ದೇ ಹ್ಯಾಶುಗಳು ಅದರಲ್ಲಿದ್ದವು. ಹೆಚ್ಚಿನವು ಬೇಗ ಬಯಲಾದವು, ಕೆನ್ ಥಾಂಪ್ಸನ್ ಅವರದ್ದು ಮಾತ್ರ ಜಗ್ಗಲಿಲ್ಲ. ಕೊನೆಗೆ 2019ರಲ್ಲಿ ಒಡೆದಾಗ ಸಿಕ್ಕಿದ್ದು ‘ಪಿ/ಕ್ಯೂ2-ಕ್ಯೂ4!’. ಚೆಸ್ ಆಡುವವರಿಗೆ ಗೊತ್ತಾಗುತ್ತದೆ, ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ ನಡೆಸುವುದನ್ನು ಹಳೆಯ ರೀತಿಯಲ್ಲಿ ಬರೆದದ್ದು. ಬೆಲ್ ಅನ್ನುವ ಚೆಸ್ ಕಂಪ್ಯೂಟರ್ ಕಟ್ಟಿದವರಲ್ಲಿ ಅವರೂ ಒಬ್ಬರು, ಪಾಸ್‌ವರ್ಡಿನಲ್ಲೂ ಚೆಸ್ ಬಿಟ್ಟಿರಲಿಲ್ಲ. ಈಗ ಹ್ಯಾಶುಗಳು ‘/ಇಟಿಸಿ/ಶ್ಯಾಡೊ’ ಅನ್ನುವ ಬೇರೆ ಫೈಲಿನಲ್ಲಿರುತ್ತವೆ, ಸಾಮಾನ್ಯ ಯೂಸರುಗಳಿಗೆ ಅದನ್ನು ಓದಲು ಬಿಡುವುದಿಲ್ಲ.

ಪಾಸ್‌ಡಬ್ಲ್ಯುಡಿ ಫೈಲನ್ನು ಮೊದಲ ಸಲ ತೆರೆದವರು ಬೆಚ್ಚಿಬೀಳುವುದುಂಟು. ಮನೆಯಲ್ಲಿ ಇಬ್ಬರೇ ಬಳಸುವ ಲ್ಯಾಪ್‌ಟಾಪಿನಲ್ಲಿ ಮೂವತ್ತು ನಲವತ್ತು ಅಕೌಂಟು! ಡೀಮನ್, ಮೇಲ್, ನೋಬಡಿ ಅಂತೆಲ್ಲ ಇರುತ್ತವೆ. ಯಾರೂ ನುಗ್ಗಿಲ್ಲ, ಹೆದರಬೇಡಿ. ವೆಬ್ ಸರ್ವರ್, ಪ್ರಿಂಟರ್ ವ್ಯವಸ್ಥೆ ಹೀಗೆ ಒಂದೊಂದು ಸೇವೆಗೂ ಪ್ರತ್ಯೇಕ ಅಕೌಂಟು ಕೊಟ್ಟಿರುತ್ತಾರೆ, ಒಂದು ಹಾಳಾದರೆ ಇನ್ನೊಂದರ ಫೈಲು ಮುಟ್ಟಬಾರದು ಅಂತ. ಅವುಗಳ ಸಾಲಿನ ಕೊನೆಯಲ್ಲಿ ಶೆಲ್ ಬದಲು ‘ನೋಲಾಗಿನ್’ ಅಂತಲೋ ‘ಫಾಲ್ಸ್’ ಅಂತಲೋ ಇರುತ್ತದೆ, ಅಂದರೆ ಆ ಹೆಸರಿನಲ್ಲಿ ಯಾರೂ ಲಾಗಿನ್ ಆಗಿ ಪ್ರಾಂಪ್ಟ್ ಪಡೆಯುವ ಹಾಗಿಲ್ಲ.

ರೂಟ್ ಆಗುವುದು, ವಾಪಸ್ ಬರುವುದು

ರೂಟ್ ಆಗಲು ಎರಡು ದಾರಿ. ಹಳೆಯದು ‘ಎಸ್‌ಯು’. ಇದು ರೂಟ್‌ನ ಪಾಸ್‌ವರ್ಡ್ ಕೇಳುತ್ತದೆ. ಹೊಸದು ‘ಸುಡೊ’, ಇದು ನಿಮ್ಮದೇ ಪಾಸ್‌ವರ್ಡ್ ಕೇಳುತ್ತದೆ. ಹೊಸದು ಅಂದರೂ ಅದು ಹುಟ್ಟಿದ್ದು 1980ರ ಸುಮಾರಿಗೆ, ಅಮೆರಿಕದ ಬಫಲೊ ವಿಶ್ವವಿದ್ಯಾಲಯದಲ್ಲಿ. ಬಾಬ್ ಕಾಗ್ಸ್‌ಹಾಲ್, ಕ್ಲಿಫ್ ಸ್ಪೆನ್ಸರ್ ಬರೆದದ್ದು. ಹತ್ತು ಜನ ಅಡ್ಮಿನ್ ಇರುವಲ್ಲಿ ಹತ್ತೂ ಜನಕ್ಕೆ ಒಂದೇ ರೂಟ್ ಪಾಸ್‌ವರ್ಡ್ ಹಂಚಿದರೆ ಯಾರು ಏನು ಮಾಡಿದರು ಅಂತ ಗೊತ್ತಾಗುವುದಿಲ್ಲ, ಒಬ್ಬರು ಕೆಲಸ ಬಿಟ್ಟರೆ ಎಲ್ಲರಿಗೂ ಹೊಸದು ಹೇಳಬೇಕು. ಸುಡೊದಲ್ಲಿ ಆ ತಲೆನೋವಿಲ್ಲ. ಯಾರು ಯಾವ ಕಮಾಂಡ್ ಕೊಟ್ಟರು ಅಂತ ಲಾಗ್ ಕೂಡ ಆಗುತ್ತದೆ.

ಉಬುಂಟುವಿನಲ್ಲಿ ರೂಟ್‌ಗೆ ಪಾಸ್‌ವರ್ಡೇ ಇರುವುದಿಲ್ಲ, ಆ ಬಾಗಿಲು ಮುಚ್ಚಿಟ್ಟಿರುತ್ತಾರೆ. ಅಲ್ಲಿ ಎಸ್‌ಯು ಕೊಟ್ಟು ಯಾವ ಪಾಸ್‌ವರ್ಡ್ ಹಾಕಿದರೂ ‘ಆಥೆಂಟಿಕೇಷನ್ ಫೇಲ್ಯೂರ್’ ಬರುತ್ತದೆ. ರೂಟ್‌ಗೆ ಪಾಸ್‌ವರ್ಡ್ ಇಟ್ಟುಬಿಡೋಣ ಅಂತ ಹೋಗಬೇಡಿ, ಅದರ ಅಗತ್ಯವೇ ಇಲ್ಲ, ಸುಡೊ ಸಾಕು:

ಸುಡೊ ಎಪಿಟಿ ಅಪ್‌ಡೇಟ್

ಪಾಸ್‌ವರ್ಡ್ ಟೈಪ್ ಮಾಡುವಾಗ ಹೆಚ್ಚಿನ ಸಿಸ್ಟಮ್‌ಗಳಲ್ಲಿ ಪರದೆಯ ಮೇಲೆ ಏನೂ ಕಾಣಿಸುವುದಿಲ್ಲ, ಚುಕ್ಕಿಯೂ ಇಲ್ಲ, ನಕ್ಷತ್ರವೂ ಇಲ್ಲ. ಕೀಬೋರ್ಡ್ ಕೆಟ್ಟಿಲ್ಲ. ಪಕ್ಕದಲ್ಲಿ ಕೂತವರಿಗೆ ಎಷ್ಟು ಅಕ್ಷರ ಅಂತಲೂ ತಿಳಿಯಬಾರದು ಅಂತ ಹಾಗೆ ಮಾಡಿದ್ದಾರೆ. ಸುಮ್ನೆ ಟೈಪ್ ಮಾಡಿ ಎಂಟರ್ ಒತ್ತಿ. ನಮ್ಮಂಥವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಕೀಬೋರ್ಡ್ ಕನ್ನಡದಲ್ಲಿ ಇದ್ದುಬಿಟ್ಟರೆ ಪಾಸ್‌ವರ್ಡೂ ಕನ್ನಡದಲ್ಲೇ ಹೋಗುತ್ತದೆ, ಕಣ್ಣಿಗೆ ಕಾಣದ ಕಾರಣ ಗೊತ್ತೂ ಆಗುವುದಿಲ್ಲ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ‘ಸಾರಿ, ಟ್ರೈ ಅಗೇನ್’ ಅಂದರೆ ಮೊದಲು ಭಾಷೆ ಯಾವುದಿದೆ ನೋಡಿ, ಆಮೇಲೆ ಕ್ಯಾಪ್ಸ್ ಲಾಕ್ ನೋಡಿ.

ಒಮ್ಮೆ ಪಾಸ್‌ವರ್ಡ್ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಮತ್ತೆ ಕೇಳುವುದಿಲ್ಲ, ಉಬುಂಟುವಿನಲ್ಲಿ ಅದು 15 ನಿಮಿಷ. ಆ ಹೊತ್ತಿನಲ್ಲಿ ಕಾಫಿಗೆ ಎದ್ದು ಹೋಗುವುದಾದರೆ ‘ಸುಡೊ -ಕೆ’ ಕೊಟ್ಟು ಹೋಗಿ, ಆ ನೆನಪು ಅಳಿಸಿಹೋಗುತ್ತದೆ. ಬಹಳ ಹೊತ್ತು ರೂಟ್ ಆಗಿ ಕೆಲಸ ಇದ್ದರೆ ‘ಸುಡೊ -ಐ’. ಈಗ ಪ್ರಾಂಪ್ಟ್ ನೋಡಿ, ರೂಟ್@ತುಂಗಾ:~# ಆಗಿರುತ್ತದೆ, ಹೆಸರು ಬದಲಾಯಿತು, ಕೊನೆಯ ಗುರುತೂ ಬದಲಾಯಿತು. ಕೆಲಸ ಮುಗಿದ ತಕ್ಷಣ ‘ಎಕ್ಸಿಟ್’ ಕೊಟ್ಟು ವಾಪಸ್ ಬನ್ನಿ. ಅದೇ ಕಿಟಕಿಯನ್ನು ರೂಟ್ ಆಗಿಯೇ ತೆರೆದಿಟ್ಟು ನಾಳೆ ಬಂದು ಅದರಲ್ಲೇ ಮುಂದುವರಿಸುವುದು ಕೆಟ್ಟ ಅಭ್ಯಾಸ.

ಡೆಬಿಯನ್ ಬಳಸುವವರು ಎಸ್‌ಯು ಕೊಡುವಾಗ ಒಂದು ಡ್ಯಾಷ್ ಸೇರಿಸಿ, ‘ಎಸ್‌ಯು -’ ಅಂತ. ಡ್ಯಾಷ್ ಇಲ್ಲದಿದ್ದರೆ ಅಧಿಕಾರ ರೂಟ್‌ನದ್ದು ಬರುತ್ತದೆ, ಆದರೆ ಕಮಾಂಡ್ ಹುಡುಕುವ ದಾರಿ ನಿಮ್ಮ ಹಳೆಯದ್ದೇ ಉಳಿಯುತ್ತದೆ. 2019ರ ಡೆಬಿಯನ್ 10ರಿಂದ ಹೀಗಾಗಿದೆ. ರೂಟ್ ಆಗಿದ್ದೇನೆ, # ಕೂಡ ಕಾಣುತ್ತಿದೆ, ಆದರೂ ಯೂಸರ್‌ಆಡ್ ಕೊಟ್ಟರೆ ‘ಕಮಾಂಡ್ ನಾಟ್ ಫೌಂಡ್’ ಯಾಕೆ ಅಂದರೆ ಕಾರಣ ಇದೇ.

ಇನ್ನೊಂದು ಕಡೆ ಎಲ್ಲರೂ ಮುಗ್ಗರಿಸುತ್ತಾರೆ. ರೂಟ್‌ಗೆ ಸೇರಿದ ಫೈಲಿಗೆ ಒಂದು ಸಾಲು ಸೇರಿಸಬೇಕು ಅಂತ ಸುಡೊ ಹಾಕಿ, ‘ಎಕೊ’ ಹಾಕಿ, ಕೊನೆಗೆ >> ಹಾಕಿ ಫೈಲಿನ ಹೆಸರು ಕೊಡುತ್ತೀರಿ, ಆದರೂ ‘ಪರ್ಮಿಷನ್ ಡಿನೈಡ್’ ಬರುತ್ತದೆ. ಸುಡೊ ಹಾಕಿದ್ದೀನಲ್ಲ ಅಂತ ಸಿಟ್ಟು ಬರುವುದು ಸಹಜ. ಆಗಿದ್ದು ಏನೆಂದರೆ, ಫೈಲು ತೆರೆಯುವ ಕೆಲಸ ಸುಡೊದ್ದಲ್ಲ, ನಿಮ್ಮ ಶೆಲ್ಲಿನದ್ದು, ಅದು ಸುಡೊ ಶುರುವಾಗುವ ಮೊದಲೇ ನಿಮ್ಮ ಹೆಸರಿನಲ್ಲೇ ಫೈಲು ತೆರೆಯಲು ಹೋಗುತ್ತದೆ. ಅದಕ್ಕೆ ಹೀಗೆ ಮಾಡಿ:

ಎಕೊ 'ಸೇರಿಸಬೇಕಾದ ಸಾಲು' | ಸುಡೊ ಟೀ -ಎ ಫೈಲಿನಹೆಸರು

-ಎ ಮರೆತರೆ ಸಾಲು ಸೇರುವುದಿಲ್ಲ, ಇಡೀ ಫೈಲು ಅಳಿಸಿ ಆ ಒಂದು ಸಾಲು ಮಾತ್ರ ಉಳಿಯುತ್ತದೆ. ಹುಷಾರು.

ಸುಡೊ ಅಂದರೆ ರೂಟ್ ಆಗುವುದಕ್ಕೆ ಮಾತ್ರ ಅಲ್ಲ. ‘ಸುಡೊ -ಯು’ ಆದ ಮೇಲೆ ಬೇರೆ ಯೂಸರ್ ಹೆಸರು ಕೊಟ್ಟರೆ ಅವರಾಗಿ ಕಮಾಂಡ್ ಓಡಿಸಬಹುದು. ನಿಮಗೆ ಏನೇನು ಮಾಡಲು ಅನುಮತಿ ಇದೆ ಅಂತ ತಿಳಿಯಬೇಕಾದರೆ ‘ಸುಡೊ -ಎಲ್’. ಸುಡೊ ನಿಯಮಗಳ ಫೈಲನ್ನು ಬದಲಾಯಿಸುವ ಪ್ರಸಂಗ ಬಂದರೆ ಮಾಮೂಲಿ ಎಡಿಟರ್ ಬೇಡ, ‘ವಿಸುಡೊ’ ಬಳಸಿ. ತಪ್ಪಿದ್ದರೆ ಉಳಿಸುವ ಮೊದಲೇ ಹೇಳುತ್ತದೆ. ಆ ಫೈಲಿನಲ್ಲಿ ಒಂದು ಅಕ್ಷರ ಕೆಟ್ಟರೂ ಸುಡೊ ನಿಂತುಹೋಗಬಹುದು, ಆಮೇಲೆ ಸರಿಪಡಿಸಲು ಸುಡೊ ಬೇಕು, ಸುಡೊ ಇಲ್ಲ!

ಅಕೌಂಟ್ ಮಾಡುವುದು, ಗ್ರೂಪಿಗೆ ಸೇರಿಸುವುದು, ತೆಗೆಯುವುದು

ಹೊಸ ಅಕೌಂಟಿಗೆ ಡೆಬಿಯನ್, ಉಬುಂಟುವಿನಲ್ಲಿ ‘ಸುಡೊ ಆಡ್‌ಯೂಸರ್ ರವಿ’ ಕೊಡಿ. ಪ್ರಶ್ನೆ ಕೇಳಿ, ಹೋಮ್ ಮಾಡಿ, ಪಾಸ್‌ವರ್ಡ್ ಇಟ್ಟು ಮುಗಿಸುತ್ತದೆ. ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಇರಲಿ, ಕನ್ನಡ ಅಕ್ಷರ ಕೊಟ್ಟರೆ ಒಪ್ಪುವುದಿಲ್ಲ. ‘ಯೂಸರ್‌ಆಡ್’ ಅಂತ ತಿರುಗಿಸಿಟ್ಟ ಹೆಸರಿನ ಇನ್ನೊಂದು ಕಮಾಂಡ್ ಇದೆ, ಅದು ಎಲ್ಲ ಲಿನಕ್ಸಿನಲ್ಲೂ ಸಿಗುತ್ತದೆ, ಆದರೆ ಹೇಳಿದಷ್ಟೇ ಮಾಡುತ್ತದೆ. ಡೆಬಿಯನ್, ಉಬುಂಟುವಿನಲ್ಲಿ ಬರೀ ಹೆಸರು ಕೊಟ್ಟರೆ ಹೋಮ್ ಫೋಲ್ಡರ್ ಮಾಡುವುದಿಲ್ಲ, ಶೆಲ್ಲನ್ನೂ ಬ್ಯಾಶ್ ಕೊಡುವುದಿಲ್ಲ. ಲಾಗಿನ್ ಆದರೆ ಪ್ರಾಂಪ್ಟ್ ಬರೀ $ ಆಗಿರುತ್ತದೆ, ಮೇಲಿನ ಬಾಣದ ಕೀ ಒತ್ತಿದರೆ ಹಿಂದಿನ ಕಮಾಂಡ್ ಬರುವ ಬದಲು ಚಿತ್ರವಿಚಿತ್ರ ಗುರುತು ಬೀಳುತ್ತದೆ. ಇಂಥ ಬೋಳು $ ಕಂಡರೆ ಅಕೌಂಟನ್ನು ಹೇಗೆ ಮಾಡಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ಸರಿಯಾಗಿ ಮಾಡುವುದು ಹೀಗೆ:

ಸುಡೊ ಯೂಸರ್‌ಆಡ್ -ಎಂ -ಎಸ್ /ಬಿನ್/ಬ್ಯಾಶ್ ರವಿ
ಸುಡೊ ಪಾಸ್‌ಡಬ್ಲ್ಯುಡಿ ರವಿ

ರವಿಗೂ ಸುಡೊ ಕೊಡಬೇಕಾದರೆ ಅವನನ್ನು ‘ಸುಡೊ’ ಅನ್ನುವ ಗ್ರೂಪಿಗೆ ಸೇರಿಸಬೇಕು. ಫೆಡೋರಾ, ರೆಡ್ ಹ್ಯಾಟ್‌ನಲ್ಲಿ ಆ ಗ್ರೂಪಿನ ಹೆಸರು ‘ವೀಲ್’.

ಸುಡೊ ಯೂಸರ್‌ಮಾಡ್ -ಎಜಿ ಸುಡೊ ರವಿ

ಇಲ್ಲಿ ಎ ಸಣ್ಣಕ್ಷರ, ಜಿ ದೊಡ್ಡಕ್ಷರ. ಆ ಎ ಬಿಟ್ಟರೆ ಕಥೆ ಮುಗಿಯಿತು. ಎ ಅಂದರೆ ‘ಇರುವುದಕ್ಕೆ ಸೇರಿಸು’. ಅದಿಲ್ಲದೆ ಬರೀ ಜಿ ಕೊಟ್ಟರೆ ‘ಇನ್ನು ಮೇಲೆ ಇದಷ್ಟೇ’ ಅಂತ ಆಗಿ ಉಳಿದ ಹೆಚ್ಚುವರಿ ಗ್ರೂಪುಗಳೆಲ್ಲ ಹಾರಿಹೋಗುತ್ತವೆ. ಮಷೀನಿನ ಒಬ್ಬರೇ ಅಡ್ಮಿನ್ ತನ್ನನ್ನೇ ಡಾಕರ್ ಗ್ರೂಪಿಗೆ ಸೇರಿಸಲು ಹೋಗಿ ಎ ಬಿಟ್ಟರೆ, ಸುಡೊ ಗ್ರೂಪಿನಿಂದ ತಾನೇ ಹೊರಗೆ. ಆಗ ಮಷೀನನ್ನು ರಿಕವರಿ ಮೋಡಿನಲ್ಲಿ ಬೂಟ್ ಮಾಡಿ ರೂಟ್ ಶೆಲ್ ಹಿಡಿದು ಸರಿಮಾಡಬೇಕು. ಅಂದಹಾಗೆ ಡಾಕರ್ ಗ್ರೂಪಿಗೆ ಯಾರನ್ನಾದರೂ ಸೇರಿಸುವುದು ಅಂದರೆ ಅವರಿಗೆ ರೂಟ್ ಕೊಟ್ಟ ಹಾಗೆಯೇ, ಕಂಟೇನರ್ ಒಳಗಿಂದ ಇಡೀ ಡಿಸ್ಕನ್ನು ಮುಟ್ಟಬಹುದು. ಹೆಸರು ನೋಡಿದರೆ ಹಾಗೆ ಅನ್ನಿಸುವುದಿಲ್ಲ, ಅಲ್ವಾ?

ಗ್ರೂಪಿಗೆ ಸೇರಿಸಿದ ಮೇಲೂ ‘ಪರ್ಮಿಷನ್ ಡಿನೈಡ್’ ಬರುತ್ತಿದ್ದರೆ ಒಮ್ಮೆ ಪೂರ್ತಿ ಲಾಗ್ಔಟ್ ಆಗಿ ಮತ್ತೆ ಬನ್ನಿ. ಗ್ರೂಪಿನ ಪಟ್ಟಿಯನ್ನು ಲಾಗಿನ್ ಆಗುವಾಗ ಒಂದೇ ಸಲ ಕೊಡುತ್ತಾರೆ, ಆಗಲೇ ತೆರೆದಿರುವ ಶೆಲ್ಲಿಗೆ ಹೊಸದು ಗೊತ್ತಾಗುವುದಿಲ್ಲ. ಬಂದ ಮೇಲೆ ‘ಐಡಿ’ ಕೊಟ್ಟು ನೋಡಿ.

ಯಾರೋ ಕೆಲಸ ಬಿಟ್ಟರು, ಅಕೌಂಟ್ ಮುಚ್ಚಬೇಕು ಅನ್ನಿ. ತಕ್ಷಣ ಅಳಿಸುವ ಬದಲು ಮೊದಲು ಬೀಗ ಹಾಕುವುದು ಒಳ್ಳೆಯದು. ‘ಪಾಸ್‌ಡಬ್ಲ್ಯುಡಿ -ಎಲ್’ ಪಾಸ್‌ವರ್ಡಿಗೆ ಬೀಗ ಹಾಕುತ್ತದೆ, ಆದರೆ ಪಾಸ್‌ವರ್ಡಿಗೆ ಮಾತ್ರ. ಅವರ ಎಸ್‌ಎಸ್‌ಎಚ್ ಕೀ ಸರ್ವರಿನಲ್ಲಿ ಉಳಿದಿದ್ದರೆ ಅದರಿಂದ ಒಳಗೆ ಬರಬಹುದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಕೌಂಟಿನ ಅವಧಿಯನ್ನೇ ಮುಗಿಸಬೇಕು:

ಸುಡೊ ಯೂಸರ್‌ಮಾಡ್ --ಎಕ್ಸ್‌ಪೈರ್‌ಡೇಟ್ 1 ರವಿ

1 ಅಂದರೆ 1970ರ ಜನವರಿ 1ರಿಂದ ಒಂದು ದಿನ ಕಳೆದ ತಾರೀಖು, ಅದು ಯಾವತ್ತೋ ಮುಗಿದಿದೆ.

ಪೂರ್ತಿ ತೆಗೆಯಲು ‘ಯೂಸರ್‌ಡೆಲ್’, ಅದರ ಜೊತೆ -ಆರ್ ಹಾಕಿದರೆ ಹೋಮ್ ಫೋಲ್ಡರೂ ಹೋಗುತ್ತದೆ. ಹಾಕದಿದ್ದರೆ ಫೈಲುಗಳು ಹಾಗೇ ಉಳಿಯುತ್ತವೆ, ‘ಎಲ್‌ಎಸ್ -ಎಲ್’ ಕೊಟ್ಟರೆ ಒಡೆಯನ ಹೆಸರಿನ ಜಾಗದಲ್ಲಿ 1003 ಅಂತಲೋ ಏನೋ ಬರೀ ನಂಬರ್ ಕಾಣುತ್ತದೆ. ಕರ್ನಲ್‌ಗೆ ನಂಬರ್ ಮಾತ್ರ ಗೊತ್ತು ಅಂದೆನಲ್ಲ, ಅದರ ಪರಿಣಾಮ ಇಲ್ಲಿ ಕಾಣುತ್ತದೆ. ಕೊನೆಯ ನಂಬರಿನ ಅಕೌಂಟ್ ಅಳಿಸಿ ಹೊಸಬರಿಗೆ ಅಕೌಂಟ್ ಮಾಡಿದರೆ ಅದೇ 1003 ಅವರಿಗೆ ಸಿಗುತ್ತದೆ, ಹಳಬರ ಫೈಲುಗಳೆಲ್ಲ ಯಾರೂ ಕೊಡದೆಯೇ ಅವರದ್ದಾಗುತ್ತವೆ. ಹಾಗಾಗಿ ಹೊಸ ಅಕೌಂಟ್ ಮಾಡುವ ಮೊದಲು ಒಡೆಯರಿಲ್ಲದ ಫೈಲುಗಳನ್ನು ಹುಡುಕಿ, ಬೇಕಾದ್ದನ್ನು ‘ಸಿಎಚ್‌ಓನ್’ ಕಮಾಂಡಿನಿಂದ ಬೇರೆಯವರ ಹೆಸರಿಗೆ ಮಾಡಿ, ಬೇಡದ್ದನ್ನು ತೆಗೆಯಿರಿ:

ಸುಡೊ ಫೈಂಡ್ / -ಎಕ್ಸ್‌ಡೆವ್ -ನೋಯೂಸರ್

-ಎಕ್ಸ್‌ಡೆವ್ ಇದ್ದರೆ ಇದೊಂದು ಡಿಸ್ಕಿನ ಮಟ್ಟಿಗೆ ಮಾತ್ರ ಹುಡುಕುತ್ತದೆ. ಹೋಮ್ ಬೇರೆ ಡಿಸ್ಕಿನಲ್ಲೋ ಪಾರ್ಟಿಷನ್ನಿನಲ್ಲೋ ಇದ್ದರೆ / ಇರುವ ಜಾಗದಲ್ಲಿ /ಹೋಮ್ ಕೊಟ್ಟು ಇನ್ನೊಮ್ಮೆ ಓಡಿಸಿ.